ಅನ್ನದ ಸೀಮೆಯ ಚಳಿ

ಒಲೆಯ ಮುಂದಿನಿಂದ ಅಲುಗಾಡದೆಯೇ ಜಿಲ್ಲೆ ಬದಲಾಯಿಸಿದವಳು ನಾನು. ಎಸರಿಡುವಾಗ ಮೈಸೂರು ಜಿಲ್ಲೆಯವಳಾಗಿದ್ದೆ. ಮುದ್ದೆ ಬೇಯುವಷ್ಟರಲ್ಲಿ ಮಗ ಬಂದು, "ಇನ್ಮ್ಯಾಕೆ ನಾವು ಮಂಡ್ಯ ಜಿಲ್ಲೆ ಕಣವ್ವ" ಅಂದ. "ಆಗ್ಲಿ, ಕೈ ತೊಳ್ಕೊಂಡು ಬಾ" ಅಂದೆ. ಸರ್ಕಾರದವರು ಕಾಗದದ ಮೇಲೆ ಗೆರೆ ಎಳೆದರೆ ನಮ್ಮ ರಾಗಿ ಬೆಳ್ಳಗಾಗುತ್ತದೆಯೇ?

ನನ್ನನ್ನು ಕೇಳಿದರೆ, ಈ ಸೀಮೆಗೆ ನಿಜವಾದ ಗೆರೆ ಎಳೆದದ್ದು ನಾಲೆ. ಕನ್ನಂಬಾಡಿ ಕಟ್ಟೆಯ ನೀರು ಹರಿದ ಕಡೆ ಗದ್ದೆ, ಕಬ್ಬು, ಅನ್ನ. ಹರಿಯದ ಕಡೆ, ಅಂದರೆ ಮಳವಳ್ಳಿಯಾಚೆಯ ನಮ್ಮಂಥ ಊರುಗಳಲ್ಲಿ, ಬೆದ್ದಲು, ಹುರುಳಿ, ಮುದ್ದೆ. ನಾಲೆಯವರೂ ಮೊದಲು ನಮ್ಮ ಹಾಗೆಯೇ ಮೋಡ ನೋಡಿ ಕತ್ತು ನೋಯಿಸಿಕೊಂಡವರೇ. ನೀರು ಬಂದು ನಾಲ್ಕು ಬೆಳೆ ತೆಗೆದದ್ದೇ ತಡ, ನೆಂಟರು ಬಂದರೆ ಮುದ್ದೆ ಕೋಲನ್ನು ಬಚ್ಚಿಡುವಷ್ಟು ದೊಡ್ಡವರಾದರು. ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂದ ಮೇಲೆ ಅಲ್ಲಿಯವರು ತಮ್ಮೂರಿನ ಗಾಳಿಯೇ ಸಿಹಿ ಎನ್ನತೊಡಗಿದರು. ಅದು ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯ ನಾತ, ಮೂಗಿದ್ದವರಿಗೆ ಗೊತ್ತು. ಇನ್ನು ಮದ್ದೂರಿನವರು, ರೈಲು ಹುಟ್ಟಿದ್ದೇ ತಮ್ಮ ವಡೆ ತಿನ್ನಲಿಕ್ಕೆ ಎಂದು ನಂಬಿದ್ದಾರೆ.

ನಾಲೆ ಅನ್ನವನ್ನೊಂದೇ ತರಲಿಲ್ಲ, ಸೊಳ್ಳೆಯನ್ನೂ ತಂದಿತು. ಸೊಳ್ಳೆಯ ಬೆನ್ನಿಗೆ ಚಳಿಜ್ವರ. ಒಂದು ದಿನ ಬಿಟ್ಟು ಒಂದು ದಿನ, ಹೊತ್ತಿಗೆ ಸರಿಯಾಗಿ ಬರುತ್ತದೆ. ತಾಲ್ಲೂಕು ಕಚೇರಿಯಲ್ಲಿ ಅಷ್ಟು ನಿಯತ್ತಿನವರನ್ನು ನಾನು ಕಂಡಿಲ್ಲ. ಹೆಣ್ಣು ಹೆತ್ತವರಿಗೆ ಪೇಚು. ನಮ್ಮಂಥ ಮೇಲಿನ ಸೀಮೆಗೆ ಕೊಟ್ಟರೆ ಮುದ್ದೆ, ನಾಲೆಯ ಸೀಮೆಗೆ ಕೊಟ್ಟರೆ ಅನ್ನ ಮತ್ತು ನಡುಕ.

ನನ್ನ ಮಗನಿಗೆ ಅನ್ನವೇ ಕಂಡಿತು. ತನ್ನ ಮಗಳು ಕೆಂಪಿಯನ್ನು ಮಂಡ್ಯದ ಬದಿಯ ನಾಲೆ ಊರಿಗೇ ಕೊಡುತ್ತೇನೆ ಎಂದು ಕುಣಿದ. ಕೆಂಪಿ ನನ್ನ ಹತ್ತಿರ ಬಂದು, "ಅಜ್ಜಿ, ನೀನೇ ಓಗಿ ನೋಡ್ಕಂಡು ಬಾ. ಅಪ್ಪುಂಗೆ ಅನ್ನ ಕಂಡ್ರೆ ಗಂಡು ಕಾಣಾಕಿಲ್ಲ. ನೀನು ಊಂ ಅಂದ್ರೆ ಊಂ" ಅಂದಳು. ಅವಳ ಬಾಳನ್ನು ಹೀಗೆ ನನ್ನ ನಾಲಿಗೆಯ ಮೇಲಿಟ್ಟು ಅವರೆಕಾಯಿ ಬಿಡಿಸಲು ಹೋದಳು.

ಗಂಡಿನ ಮನೆಯಿಂದ ಹೇಳಿಕಳಿಸಿದರು: ಬುಧವಾರವೇ ಬನ್ನಿ, ಗುರುವಾರ ಮಾತ್ರ ಬೇಡ. ಗುರುವಾರಕ್ಕೇನು ಬಂತೋ ಎಂದುಕೊಂಡೆ. ಯುದ್ಧದ ಕಾಲ, ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಲಿನ ಹೊಗೆಯಲ್ಲಿ ಓಡುತ್ತಿದ್ದವು. ಓಡುತ್ತಿದ್ದವು ಎನ್ನುವುದು ಮರ್ಯಾದೆಗೆ. ಬುಧವಾರ ನಾನೂ ಮಗನೂ ಹತ್ತಿದ್ದು ಮದ್ದೂರಿನಲ್ಲಿ ಕೆಮ್ಮಿ ನಿಂತೇಬಿಟ್ಟಿತು. ಛತ್ರದಲ್ಲಿ ಮಲಗಿ, ಗುರುವಾರವೇ ಹೋಗಿ ಇಳಿದೆವು.

ಗಂಡಿನ ಅಪ್ಪ ಚಿಕ್ಕೇಗೌಡರು ನಮ್ಮನ್ನು ಕಂಡು ಬಾಗಿಲಲ್ಲೇ ಬೆಳ್ಳಗಾದರು. "ಇವತ್ತು ಬಂದ್ರಾ!" ಎಂದು ಒಳಗೆ ಕರೆದು, ಎಲೆ ಹಾಕಿಸಿ, ಗುಡ್ಡದಂತೆ ಅನ್ನ ಬಡಿಸಿದರು. ಮಗ ಉಣ್ಣುತ್ತಲೇ ಬೀಗನಾಗಿಬಿಟ್ಟ.

"ಉಡುಗ ಎಲ್ಲಿ?" ಅಂದೆ.

"ಕಬ್ಬಿನ ಗಾಡಿ ಒಡ್ಕಂಡು ಓಗವ್ನೆ ಕಣಮ್ಮ."

ಆಗ ಮೂಲೆಯಲ್ಲಿ ಮಂಚ ಗಡಗಡ ಅಂದಿತು. ಮೇಲೆ ಗೋಣಿತಾಟು, ದುಪ್ಪಟಿಗಳ ರಾಶಿ.

"ಅದೇನು?"

"ಬತ್ತದ ಮೂಟೆ."

"ನಿಮ್ ಕಡೆ ಬತ್ತಕ್ಕೂ ಚಳಿಯಾ?" ಎಂದು ಎದ್ದು ಹೋಗಿ ದುಪ್ಪಟಿ ಎಳೆದೆ. ಕೆಂಡದಂಥ ಕಣ್ಣಿನ ಹುಡುಗ, ಮರಿಗೌಡ, ಹಲ್ಲು ಕಟಕಟಿಸುತ್ತಾ ನನ್ನನ್ನು ನೋಡಿದ.

"ಏನ್ಲಾ ಮಗ, ದಿನಾ ಇಂಗೇಯಾ?"

"ಇಲ್ಲ ಕಣಜ್ಜಿ, ಒಂದಿನ ಬುಟ್ಟು ಒಂದಿನ. ನೆನ್ನೆ ಬಂದಿದ್ರೆ ಚೆಂದಾಗಿದ್ದೆ."

"ಮಾತ್ರೆ ನುಂಗಾಕಿಲ್ವಾ?"

"ಸರ್ಕಾರದೋರು ಕ್ವಿನೈನ್ ಕೊಡ್ತಾರೆ. ಕಹಿ ಅಂತ ಅಪ್ಪ ಇತ್ಲ ತಿಪ್ಪೆಗೆ ಎಸಿತದೆ, ನಾನು ಆಯ್ಕಂಡು ನುಂಗ್ತೀನಿ."

"ಅನ್ನ ಉಂಡ್ಯಾ?"

"ಸೇರಾಕಿಲ್ಲ. ಮುದ್ದೆ ಮಾಡಿ ಅಂದ್ರೆ, ನೀವು ಬತ್ತೀರ ಅಂತ ಕೋಲು ಬಚ್ಚಿಟ್ಟವ್ರೆ."

ಚಿಕ್ಕೇಗೌಡರು ಸೂರಿನ ಹೆಂಚು ಎಣಿಸತೊಡಗಿದರು. ನನ್ನ ಮಗ ಎರಡನೇ ಸಲ ಅನ್ನ ಹಾಕಿಸಿಕೊಂಡ.

ಊರಿಗೆ ಬಂದು ಕೆಂಪಿಗೆ ಎಲ್ಲವನ್ನೂ ಹೇಳಿದೆ, ಸೊಳ್ಳೆಯನ್ನೂ ಬಿಡದೆ.

"ಗಂಡು ಒಂದು ಸುಳ್ಳೂ ಏಳ್ನಿಲ್ವಾ?" ಅಂದಳು.

"ಏಳಾಕೆ ಬಾಯಿ ಒಂದ್ಕಡೆ ನಿಲ್ಬೇಕಲ್ಲ!"

ಅವಳು ನಕ್ಕು, "ಆ ಕೋಲು ಎಲ್ಲಿ ಬಚ್ಚಿಟ್ಟವ್ರೆ ಅಂತ ಕೇಳ್ದ್ಯಾ?" ಅಂದಳು. ನಾನು ಸಂಬಂಧಕ್ಕೆ ಊಂ ಅಂದುಬಿಟ್ಟೆ.

ಜೋಯಿಸರು ಕೊಟ್ಟ ಮುಹೂರ್ತಗಳಲ್ಲಿ ಚಳಿಗೆ ರಜ ಇದ್ದ ದಿನವನ್ನು ನಾನೇ ಆರಿಸಿದೆ. ಕೆಂಪಿಯ ಜೊತೆ ಒಂದು ಕುರಿ ಕಂಬಳಿಯನ್ನೂ ಒಂದು ಮುದ್ದೆ ಕೋಲನ್ನೂ ಕಳಿಸಿದೆ. ಕೋಲನ್ನು ಅವಳು ಒಲೆಯ ಪಕ್ಕದಲ್ಲೇ, ಬಂದವರಿಗೆಲ್ಲ ಕಾಣುವ ಹಾಗೆ ನಿಲ್ಲಿಸಿದ್ದಾಳಂತೆ.

ಹೋದ ಸುಗ್ಗಿಯಲ್ಲಿ ಅವಳ ಮನೆಗೆ ಹೋದವಳು ಒಕ್ಕಣೆ ಮುಗಿಯುವ ತನಕ ಉಳಿದೆ. ಅನ್ನ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಒಂದು ಮಧ್ಯಾಹ್ನ ಮೂಳೆಯೊಳಗಿಂದಲೇ ನಡುಕ ಎದ್ದಿತು. ಮರಿಗೌಡ ನಾನು ಕೊಟ್ಟ ಕಂಬಳಿಯನ್ನೇ ತಂದು ನನಗೆ ಹೊದಿಸಿ, ಕಾಲ ಕೆಳಗೆ ಸಿಕ್ಕಿಸಿ, "ಇವತ್ತು ನೀನು ಒದ್ಕೊ ಅಜ್ಜಿ. ನಂದು ನಾಳೆ" ಅಂದ.

ಸರ್ಕಾರ ಹೇಳಿದಾಗ ನಾನು ನಂಬಿರಲಿಲ್ಲ. ಆವತ್ತು ಕಂಬಳಿಯೊಳಗೆ ಮಂಡ್ಯ ಜಿಲ್ಲೆಯವಳಾದೆ.