ತಾತ್ಕಾಲಿಕವಾಗಿ ಮುಚ್ಚಿದ ಮೂರು ಬಂದರುಗಳು

ಸ್ಯಾನ್ ಪೀಡ್ರೊ ಬಂದರಿನಲ್ಲಿ ಹಡಗಿನ ಕಾಗದಪತ್ರ ನೋಡಿಕೊಳ್ಳೋದು ನನ್ನ ಕೆಲಸ. ಒಮ್ಮೆ ಒಂದು ಕಂಟೇನರ್ ಬಾದಾಮಿ ಫಿನ್‌ಲ್ಯಾಂಡಿಗೆ ಹೋಗಬೇಕಿತ್ತು. ಗಿರಾಕಿಯ ಫಿನ್ನಿಶ್ ಪತ್ರಗಳಲ್ಲಿ ಸರಕು ಇಳಿಸೋ ಜಾಗ ರೌಮಾ, ರೌಮಲ್ಲಾ, ರೌಮಲ್ಲೆ, ರೌಮಲ್ತಾ ಅಂತೆಲ್ಲ ಇತ್ತು. ನಮ್ಮ ಮ್ಯಾನೇಜರ್ ಲಿಂಡಾ ಬಹಳ ಶ್ರದ್ಧೆಯಿಂದ ಅವನ್ನು ನಾಲ್ಕು ಬಂದರು ಅಂತ ಸಿಸ್ಟಮ್ಮಿಗೆ ಸೇರಿಸಿ, ಯಾವುದಕ್ಕೆ ಕಳಿಸೋದು ಅಂತ ಮೀಟಿಂಗ್ ಕರೆದರು.

"ಎಲ್ಲಾ ಒಂದೇ ಊರು ಇರಬೇಕು. ನಮ್ಮಲ್ಲೂ ಹುಬ್ಬಳ್ಳಿಯಲ್ಲಿ, ಹುಬ್ಬಳ್ಳಿಗೆ, ಹುಬ್ಬಳ್ಳಿಯಿಂದ ಅಂತೀವಿ," ಅಂದೆ.

"ನಿಮಗೆ ಫಿನ್ನಿಶ್ ಬರುತ್ತಾ?" ಲಿಂಡಾ ಕೇಳಿದರು.

"ಇಲ್ಲ."

"ಹಾಗಾದ್ರೆ ಗೊತ್ತಿರೋರನ್ನ ಕೇಳೋಣ."

ಬಾದಾಮಿ ಆರು ದಿನ ಬಿಸಿಲು ಕಾಯಿಸಿತು. ಏಳನೇ ದಿನ ಗಿರಾಕಿಯೇ ವಿಡಿಯೋ ಕಾಲ್‌ನಲ್ಲಿ ಬಂದು, ಊರು ಒಂದೇ, ಹೆಸರಿನ ಮೂಲ ಅರ್ಥ ಹೊಳೆಯ ಹರಿವು, ಬದಲಾಗೋದು ಹೆಸರಿನ ಬಾಲ ಮಾತ್ರ ಅಂದ. ಇದನ್ನ ಜನ್ಮದಲ್ಲೇ ಕೇಳಿಲ್ಲ ಅನ್ನೋ ಹಾಗೆ ಲಿಂಡಾ ಬೆರಗಾದರು.

ಬಾದಾಮಿ ಹೊರಟಿತು. ಆದರೆ ಅಪ್ರೂವ್ ಆದ ಬಂದರನ್ನ ಡಿಲೀಟ್ ಮಾಡೋ ಹಾಗಿಲ್ಲವಂತೆ. ಅದಕ್ಕೇ ಉಳಿದ ಮೂರಕ್ಕೂ 'ತಾತ್ಕಾಲಿಕವಾಗಿ ಮುಚ್ಚಿದೆ' ಅಂತ ಹಾಕಿದ್ದಾರೆ. ಅವು ತೆರೆದವಾ ಅಂತ ಪ್ರತಿ ತಿಂಗಳು ವಿಚಾರಿಸಿ ರಿಪೋರ್ಟ್ ಕೊಡೋ ಕೆಲಸ ನನ್ನದು. ಆಫೀಸಿನ ಫಿನ್‌ಲ್ಯಾಂಡ್ ತಜ್ಞ ಈಗ ನಾನೇ ಅಲ್ವಾ!