ಶುಕ್ರವಾರದ ಪುಣಗಳು

ಕೊಡಲಿಯಲ್ಲಿ ನಾಲ್ಕು ಹೊಡೆತ, ಅಷ್ಟೇ. ಐದನೆಯದಕ್ಕೆ ಕೈ ಏಳುವುದಿಲ್ಲ. ಎದ್ದರೂ ಪೆಟ್ಟಿನಲ್ಲಿ ಬಲವಿರುವುದಿಲ್ಲ. ಪುಣ ಒಂದು ಹೆಜ್ಜೆ ಹಿಂದೆ ಸರಿದು ಮತ್ತೆ ಮೈಮೇಲೆ ಬರುತ್ತದೆ. ಪುಣ ಅಂದರೆ ತುಳುವಿನಲ್ಲಿ ಹೆಣ. ಕಂಪ್ಯೂಟರ್ ಆಟದಲ್ಲಿ ಎದ್ದು ಓಡಾಡುವ ಹೆಣಗಳಿಗೆ ಜೋಂಬಿ ಎಂಬ ಹೆಸರಿದ್ದರೂ ನಾನು ಮತ್ತು ನನ್ನ ತಮ್ಮ ಪುಣಗಳು ಎಂದೇ ಕರೆಯುತ್ತಿದ್ದೆವು. ನಲವತ್ತು ದಾಟಿದ, ಮದುವೆಯಾಗದ, ಮೂಡುಬಿದಿರೆಯ ಕಾಲೇಜೊಂದರ ಲೈಬ್ರರಿಯಲ್ಲಿ ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಹೆಂಗಸು ಹೀಗೆ ಹೆಣ ಹೊಡೆಯುತ್ತಾ ಕೂರುವುದೇ ಎಂದು ನಗುವವರು ನಗಲಿ. ನನಗೇನೂ ಬೇಸರವಿಲ್ಲ.

ಈ ಹುಚ್ಚು ಹಚ್ಚಿಸಿದ್ದು ತಮ್ಮನೇ. ಅವನು ಗಲ್ಫಿನಲ್ಲಿ ಎ.ಸಿ. ರಿಪೇರಿ ಮಾಡುತ್ತಾನೆ, ಶುಕ್ರವಾರ ರಜೆ. ಮೊದಲೆಲ್ಲ ನಮ್ಮ ಫೋನ್ ಮಾತು ಎರಡು ನಿಮಿಷಕ್ಕೆ ಮುಗಿಯುತ್ತಿತ್ತು. ಊಟ ಆಯ್ತಾ, ಆಯ್ತು. ಸೆಕೆ ಉಂಟಾ, ಉಂಟು. ಆಮೇಲೆ ಇಬ್ಬರೂ ಸುಮ್ಮನೆ ಉಸಿರು ಕೇಳಿಸಿಕೊಂಡು ಇರುವುದು. ಒಂದು ರಜೆಯಲ್ಲಿ ಬಂದವನು ತನ್ನ ಹಳೆಯ ಲ್ಯಾಪ್‌ಟಾಪಿಗೆ ಆ ಆಟ ಹಾಕಿಕೊಟ್ಟು, "ಒಟ್ಟಿಗೆ ಆಡುವ ಅಕ್ಕ, ಮಾತಾಡ್ಲಿಕ್ಕೆ ಎಂತಾದ್ರೂ ಸಿಗ್ತದೆ" ಅಂದ. ಹಾಗೆ ಪ್ರತಿ ಶುಕ್ರವಾರ ಸಂಜೆ, ವೇಣೂರಿನ ಮೇಲಾಗಿ ಬರುವ ಬಸ್ಸಿನಲ್ಲಿ ಬಂದು ಗುರುವಾಯನಕೆರೆಯಲ್ಲಿ ಇಳಿದು, ಮನೆಗೆ ಬಂದು ಕಾಲು ತೊಳೆದು, ಕಿವಿಗೆ ವಯರು ಸಿಕ್ಕಿಸಿಕೊಂಡು ಕೂರುವುದು ಅಭ್ಯಾಸವಾಯಿತು.

ನಾನು ಸಿಟ್ಟಿನವಳು. ಲೈಬ್ರರಿಯ ಪುಸ್ತಕದಲ್ಲಿ ಹಾಳೆ ಹರಿದವರು ನನ್ನ ಮುಖಕ್ಕೆ ಹೆದರಿ, ವಾಪಸು ಕೊಡಲು ಗೆಳತಿಯರನ್ನು ಕಳಿಸುತ್ತಾರೆ. ಆಟದಲ್ಲೂ ಅದೇ ಬುದ್ಧಿ. ಪುಣ ಕಂಡರೆ ಸಾಕು, ಕೊಡಲಿ ಎತ್ತಿ ನುಗ್ಗುವುದು. ಆ ಆಟದಲ್ಲಿ ಆಯಾಸಕ್ಕೆ ಲೆಕ್ಕ ಉಂಟು. ಓಡಿದರೆ ಆಯಾಸ, ಬೆನ್ನಿನ ಚೀಲ ಭಾರವಾದರೆ ಆಯಾಸ, ಬೀಸಿದಷ್ಟು ಆಯಾಸ. ಪುಣಗಳಿಗೆ ಆಯಾಸವಿಲ್ಲ. ಅವು ನಿಧಾನಕ್ಕೆ ಬರುತ್ತವೆ, ಬರುತ್ತಲೇ ಇರುತ್ತವೆ. ನಾನು ಎರಡು ಮೂರನ್ನು ಬೀಳಿಸಿ, ಏದುಸಿರು ಬಿಟ್ಟು ನಿಂತಾಗ ನಾಲ್ಕನೆಯದು ಬಂದು ಕಚ್ಚುತ್ತಿತ್ತು. ಸತ್ತೆ. ಮತ್ತೆ ಹುಟ್ಟಿದೆ. ಮತ್ತೆ ಸತ್ತೆ.

"ಅಕ್ಕ, ನೀನು ಅವುಗಳ ಹತ್ರ ಜಗಳ ಮಾಡ್ಲಿಕ್ಕೆ ಹೋಗುದಾ?" ಎಂದು ತಮ್ಮ ಕಿವಿಯೊಳಗೆ ಕೇಳುತ್ತಿದ್ದ. "ಎರಡು ಹೊಡಿ, ಹಿಂದೆ ಬಾ. ಓಡ್ಬೇಡ, ನಡಿ. ಕೈ ಸೋಲುವ ಮೊದಲೇ ಒಳಗೆ ಹೋಗಿ ಬಾಗಿಲು ಹಾಕಿ ಕೂತ್ಕೋ. ಸೋತ ಮೇಲೆ ಕೂತ್ರೆ ಪ್ರಯೋಜನ ಇಲ್ಲ ಮಾರಾಯ್ತಿ."

"ಹೆದರಿ ಕೂರ್ಲಿಕ್ಕೆ ನನಗೆ ಆಗುದಿಲ್ಲ" ಎನ್ನುತ್ತಿದ್ದೆ.

ಅವನು ನಗುತ್ತಿದ್ದ. ಅವನ ಆಟವೇ ಬೇರೆ. ಒಂದು ಬಾಣಲೆ ಹಿಡಿದುಕೊಂಡು, ಎರಡು ಬಾರಿಸಿ, ನಾಲ್ಕು ಹೆಜ್ಜೆ ಹಿಂದೆ ಹೋಗಿ, ಯಾವುದೋ ಮನೆಯ ಅಡುಗೆಮನೆಯಲ್ಲಿ ಆರಾಮಾಗಿ ಕೂತು ಉಸಿರು ತೆಗೆದುಕೊಂಡು ಬರುತ್ತಿದ್ದ. ಎರಡು ವರ್ಷದಲ್ಲಿ ಅವನು ಸತ್ತದ್ದು ಒಂದೇ ಸಲ, ಅದೂ ನನ್ನನ್ನು ಬಿಡಿಸಲು ಬಂದು. ಅಮ್ಮ ಬಾಗಿಲ ಹತ್ತಿರ ನಿಂತು ಪರದೆ ನೋಡಿ, "ಅವು ಪಾಪ ಎಂತ ಮಾಡಿದಾವೆ ನಿನಗೆ? ಹಸಿವೆ ಆಗಿ ಬರುದಲ್ವಾ?" ಎಂದು ಕೇಳಿ ಹೋಗುತ್ತಿದ್ದರು.

ಹೋದ ವರ್ಷ ಮಳೆ ಶುರುವಾಗುವ ಹೊತ್ತಿಗೆ ಅಮ್ಮನ ಕಣ್ಣು ಹಳದಿಯಾಯಿತು. ಕಾಮಾಲೆ ಅಂದುಕೊಂಡು ಊರಿನ ಔಷಧಿ ಕುಡಿಸಿದೆವು. ಆಮೇಲೆ ಬಂಟ್ವಾಳದ ಮೇಲಾಗಿ ಮಂಗಳೂರಿಗೆ ಹೋಗಿ ಬರುವುದು ಶುರುವಾಯಿತು. ಡಾಕ್ಟರು ಅಮ್ಮನ ಎದುರೇ ಹೇಳಿದರು, ಪಿತ್ತದ ನಾಳದಲ್ಲಿ ಗಡ್ಡೆ, ಆಪರೇಷನ್ ಮಾಡುವ ಹಂತ ದಾಟಿದೆ, ಮನೆಯಲ್ಲಿ ನೆಮ್ಮದಿಯಾಗಿ ಇರಲಿ. ನೆಮ್ಮದಿ ಎಷ್ಟು ದಿನದ್ದು ಎಂದು ನಾನು ಕೇಳಿದೆ. ಅವರು ಮೇಜಿನ ಮೇಲಿನ ಪೆನ್ನನ್ನು ಆಚೆ ಈಚೆ ಇಟ್ಟರು. ದೀಪಾವಳಿ ಕಾಣುವುದು ಕಷ್ಟ ಅಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಅಮ್ಮ ಹೇಳಿದ್ದು ಒಂದೇ ಮಾತು. "ಅವನಿಗೆ ಹೇಳ್ಬೇಡ."

ಗಲ್ಫಿನಲ್ಲಿ ಮಕ್ಕಳಿರುವ ಮನೆಗಳಲ್ಲಿ ಇದು ಹೊಸತೇನಲ್ಲ. ಇಲ್ಲಿಂದ ಹೋಗುವ ಸುದ್ದಿಯೆಲ್ಲ ಮದುವೆ, ಗೃಹಪ್ರವೇಶ, ಹಲಸಿನ ಹಣ್ಣು. ಕಾಯಿಲೆ, ಜಗಳ, ಸಾವು ಇವೆಲ್ಲ ಅವರು ರಜೆಯಲ್ಲಿ ಬಂದ ಮೇಲೆ ಒಟ್ಟಿಗೆ. ಅಲ್ಲಿ ಒಬ್ಬರೇ ಇರುವವರು, ಹೇಳಿದರೆ ಏನು ಮಾಡಿಯಾರು ಎಂಬ ವಾದ. ಅಮ್ಮನಿಗೆ ಬೇರೆ ಕಾರಣವೂ ಇತ್ತು. ಆರು ವರ್ಷದ ಹಿಂದೆ ಅವರು ಎದೆನೋವೆಂದು ಬಿದ್ದಾಗ ನಾವು ಹೆದರಿ ತಮ್ಮನಿಗೆ ಹೇಳಿದ್ದೆವು. ಅವನು ರಜೆ ಸಿಗದಿದ್ದರೂ ಹೊರಟು ಬಂದ. ಬಂದು ನೋಡಿದರೆ ಅಮ್ಮ ಚಾವಡಿಯಲ್ಲಿ ಕೂತು ಅವಲಕ್ಕಿ ತಿನ್ನುತ್ತಿದ್ದರು, ಅದು ಗ್ಯಾಸು. ಅವನ ಕೆಲಸ ಹೋಯಿತು. ಎರಡು ವರ್ಷ ಬೆಳ್ತಂಗಡಿಯಲ್ಲಿ ಫ್ರಿಜ್ ರಿಪೇರಿ ಮಾಡಿಕೊಂಡಿದ್ದ. ಆ ಎರಡು ವರ್ಷವನ್ನು ಅಮ್ಮ ತನ್ನ ತಪ್ಪೆಂದೇ ಹೊತ್ತುಕೊಂಡಿದ್ದರು.

ಆದ್ದರಿಂದ ಹೇಳಲಿಲ್ಲ. ಹೇಳಬಾರದು ಎಂದು ಅಮ್ಮನ ತಮ್ಮ, ನಮ್ಮ ಮಾವನೂ ಅಂದರು. ಅವನನ್ನು ಕರೆಸಿದರೆ ಕೆಲಸ ಹೋಗುತ್ತದೆ, ಕರೆಸದಿದ್ದರೆ ಅಮ್ಮನನ್ನು ಕಾಣುವುದಿಲ್ಲ. ಇಷ್ಟೇ ವಿಷಯ. ದಿನಾ ಬಸ್ಸಿನಲ್ಲಿ ಹೋಗುವಾಗ ಒಂದು ತೀರ್ಮಾನ, ಬರುವಾಗ ಇನ್ನೊಂದು.

ವಿಡಿಯೋ ಕಾಲಿಗೆ ಅಮ್ಮನನ್ನು ತಯಾರು ಮಾಡುವ ಕೆಲಸ ನನ್ನದು. ನೈಟಿಯ ಮೇಲೆಯೇ ಸೀರೆ ಸುತ್ತಿ, ಮುಖಕ್ಕೆ ಪೌಡರು ಹಾಕಿ, ಕಣ್ಣಿನ ಹಳದಿ ಕಾಣದ ಹಾಗೆ ಟ್ಯೂಬ್‌ಲೈಟ್ ಆರಿಸಿ, ಬೆನ್ನಿಗೆ ಎರಡು ದಿಂಬು ಕೊಟ್ಟು ಕೂರಿಸುವುದು. "ಎಂತ ಅಮ್ಮ, ಬಡವಾಗಿದ್ದೀರಿ" ಎಂದು ಅವನು. "ಶುಗರ್ ಉಂಟಲ್ಲ, ಅಕ್ಕ ಅನ್ನ ಕೊಡುದಿಲ್ಲ" ಎಂದು ಇವರು. ಹತ್ತು ನಿಮಿಷದ ಮಾತು ಐದಾಯಿತು, ಐದು ಎರಡಾಯಿತು. ಫೋನ್ ಇಟ್ಟ ಕೂಡಲೇ ಹಾಗೆಯೇ ಪಕ್ಕಕ್ಕೆ ವಾಲುತ್ತಿದ್ದರು. ನಾನು ಸೀರೆ ಬಿಚ್ಚಿ ಮಡಚಿ ಇಡುತ್ತಿದ್ದೆ. ದುಃಖ ಆಗುತ್ತಿತ್ತಾ ಎಂದು ಕೇಳಿದರೆ, ಇಲ್ಲ. ಸುಳ್ಳು ಯಾಕೆ ಹೇಳಲಿ. ಏನೂ ಆಗುತ್ತಿರಲಿಲ್ಲ. ಸೀರೆಯ ಅಂಚು ಸರಿಯಾಗಿ ಕೂಡಿತಾ ಎಂದು ನೋಡುತ್ತಿದ್ದೆ.

ಮೊದಮೊದಲು ಸಿಟ್ಟು ಬರುತ್ತಿತ್ತು. ಒಂದು ದಿನ ಗಂಜಿ ಮೂರು ಸಲ ವಾಂತಿಯಾಗಿ, ಮೂರನೆಯ ಸಲ ಬಟ್ಟಲನ್ನು ನೆಲಕ್ಕೆ ಕುಕ್ಕಿ, "ನುಂಗ್ಲಿಕ್ಕೆ ಮನಸ್ಸೇ ಇಲ್ಲ ನಿಮಗೆ" ಎಂದು ಕೂಗಿದೆ. "ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುದಿಲ್ಲ ಮಗಾ" ಎನ್ನುವುದು ನನ್ನ ಚಿಕ್ಕಂದಿನಿಂದ ಅಮ್ಮನ ಮಾತು. ಅವತ್ತು ಅದನ್ನು ಹೇಳಲಿಲ್ಲ. "ನೀನು ಸ್ವಲ್ಪ ಕೂತ್ಕೋ" ಅಂದರು. ನಾನು ಕೂರಲಿಲ್ಲ, ನೆಲ ಒರೆಸಿದೆ. ಆದರೆ ಆಮೇಲೆ ಸಿಟ್ಟು ಬಂದದ್ದು ನೆನಪಿಲ್ಲ. ಕಾಲೇಜಿನಲ್ಲಿ ಒಬ್ಬಳು ಹುಡುಗಿ ಇಡೀ ಪುಸ್ತಕವನ್ನು ಮಳೆಯಲ್ಲಿ ನೆನೆಸಿ ತಂದಳು. ಒಣಗಿಸಿ ತಾ ಅಂದೆ. ಅವಳು ಹೆದರಿ ನನ್ನ ಮುಖವನ್ನೇ ನೋಡುತ್ತಾ ನಿಂತಳು.

ಅದೇ ಸಮಯಕ್ಕೆ ಆಟದಲ್ಲಿ ನಾನು ಹೊಡೆಯುವುದನ್ನು ಬಿಟ್ಟೆ. ಬಿಡಬೇಕೆಂದು ಬಿಟ್ಟದ್ದಲ್ಲ. ಒಂದು ಶುಕ್ರವಾರ ತಮ್ಮ, "ಎಡಗಡೆಯಿಂದ ಮೂರು ಬರ್ತಾ ಉಂಟು" ಅಂದ. ನಾನು ಹಿಂದೆ ನಡೆದು, ಒಂದು ಮನೆಯೊಳಗೆ ಹೋಗಿ, ಬಾಗಿಲು ಹಾಕಿ, ನೆಲದ ಮೇಲೆ ಕೂತೆ. ಪರದೆಯ ಮೂಲೆಯಲ್ಲಿ ಆಯಾಸದ ಗುರುತು ನಿಧಾನ ಮಾಸಿ ಹೋಯಿತು. ಉಸಿರು ಸರಿಯಾಯಿತು. ಏಳಬಹುದಿತ್ತು. ಏಳಲಿಲ್ಲ. ಹೊರಗೆ ಪುಣಗಳು ಬಾಗಿಲು ಬಡಿಯುತ್ತಿದ್ದವು, ತಮ್ಮ ಒಬ್ಬನೇ ಅವುಗಳನ್ನು ಒಂದೊಂದಾಗಿ ಬೀಳಿಸಿದ.

"ಅಕ್ಕ, ಉಂಟಾ ಅಲ್ಲಿ?"

"ಉಂಟು. ಸುಸ್ತು ಇಳಿಸ್ತಾ ಇದ್ದೇನೆ. ನೀನೇ ಹೇಳಿದ್ದಲ್ವಾ?"

"ಹೌದು" ಅಂದ. ಇನ್ನೊಂದನ್ನು ಬೀಳಿಸಿ, "ಮನೆಯಲ್ಲಿ ಎಲ್ಲ ಹೇಗುಂಟು?" ಅಂದ.

"ಎಲ್ಲ ಉಂಟು. ಮಳೆ."

ಹಾಗೆ ಮೂರು ಶುಕ್ರವಾರ. ಮೂರು ಸಲವೂ ನಾನು ಬಾಗಿಲು ಹಾಕಿ ಕೂತೆ. ಮೂರು ಸಲವೂ ಅವನು ಅದೇ ಪ್ರಶ್ನೆ ಕೇಳಿದ, ನಾನು ಅದೇ ಉತ್ತರ ಕೊಟ್ಟೆ. ಆಟದಲ್ಲಿ ಕೊನೆಗೂ ಬುದ್ಧಿ ಕಲಿತೆ, ಇನ್ನು ಸಾಯುವುದಿಲ್ಲ ಎಂದುಕೊಂಡೆ. ಮೂರನೆಯ ಶುಕ್ರವಾರ ಅವನು ಹೊಡೆಯುವುದನ್ನು ನಿಲ್ಲಿಸಿ ಒಳಗೆ ಬಂದು ನನ್ನ ಪಕ್ಕ ಕೂತ. ಅರ್ಧ ಗಂಟೆ ಇಬ್ಬರೂ ಏನೂ ಮಾಡಲಿಲ್ಲ.

ಮುಂದಿನ ಮಂಗಳವಾರ ಬೆಳಿಗ್ಗೆ ಅಮ್ಮ ಹೋದರು. ನಾನು ಕಾಫಿಗೆ ನೀರಿಟ್ಟು ಬರುವಷ್ಟರಲ್ಲಿ. ಮಾವನಿಗೆ ಫೋನು ಮಾಡಿ, ಒಲೆ ಆರಿಸಿ, ಕಾಲೇಜಿಗೆ ರಜೆ ಹೇಳಿದೆ. ಮಾವ ಬಂದವರೇ, "ತಮ್ಮನಿಗೆ ಅಮ್ಮ ಸೀರಿಯಸ್ ಅಂತ ಹೇಳು. ಅಷ್ಟೇ ಹೇಳು" ಅಂದರು. ನಮ್ಮ ಕಡೆ ಗಲ್ಫಿಗೆ ಸಾವನ್ನು ಹೇಳುವುದು ಹಾಗೆ. ವಿಮಾನ ಹತ್ತುವವರೆಗೆ ಸೀರಿಯಸ್, ಇಳಿದ ಮೇಲೆ ಕಾರಿನಲ್ಲಿ ಯಾರಾದರೂ ಹೇಳುತ್ತಾರೆ. ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು.

"ಅಮ್ಮನಿಗೆ ಸೀರಿಯಸ್" ಅಂದೆ.

"ಎಷ್ಟು ಗಂಟೆಗೆ ಹೋದದ್ದು?" ಎಂದು ಕೇಳಿದ.

"ಆರೂವರೆ."

"ಸರಿ. ನಾನು ಹೊರಡ್ತೇನೆ." ಅವನ ದನಿಯಲ್ಲಿ ಗಾಬರಿ ಇರಲಿಲ್ಲ. ಅದು ಯಾಕೆಂದು ಆಗ ನನಗೆ ಹೊಳೆಯಲಿಲ್ಲ.

ತನ್ನನ್ನು ಐಸಿನ ಪೆಟ್ಟಿಗೆಯಲ್ಲಿಟ್ಟು ಯಾರಿಗೂ ಕಾಯಬಾರದು ಎಂದು ಅಮ್ಮ ಮೊದಲೇ ಹೇಳಿದ್ದರು. ಮಾವನ ಮಗ ಬೆಂಕಿ ಇಟ್ಟ. ತಮ್ಮ ಬಂದದ್ದು ಮರುದಿನ ಸಂಜೆ. ಬಂದವನು ಬೂದಿಯ ಹತ್ತಿರ ಸ್ವಲ್ಪ ಹೊತ್ತು ನಿಂತು, ಬಾವಿಯಲ್ಲಿ ನೀರು ಸೇದಿ ಸ್ನಾನ ಮಾಡಿ, ಬಂದವರಿಗೆ ಕುರ್ಚಿ ಹಾಕಿದ. ಬೊಜ್ಜದ, ಅಂದರೆ ಉತ್ತರಕ್ರಿಯೆಯ ದಿನ ಎಲೆ ಹಾಕುವುದರಿಂದ ಹಿಡಿದು ಎಂಜಲು ತೆಗೆಯುವವರೆಗೆ ಅವನೇ ಓಡಾಡಿದ. ನಾವಿಬ್ಬರೂ ಅಳಲಿಲ್ಲ. ಊರವರು ಅದನ್ನೂ ನೋಡಿಕೊಂಡು ಹೋದರು.

ಎಲ್ಲ ಮುಗಿದ ಮರುದಿನ ಮಧ್ಯಾಹ್ನ ಪಾತ್ರೆಗಳನ್ನು ಒರೆಸಿ ಅಟ್ಟಕ್ಕೆ ಕೊಡುತ್ತಿದ್ದೆ, ಅವನು ಏಣಿಯ ಮೇಲೆ ನಿಂತು ತೆಗೆದುಕೊಳ್ಳುತ್ತಿದ್ದ. ಇನ್ನು ಎಷ್ಟು ದಿನ ರಜೆ, ಕೆಲಸಕ್ಕೆ ತೊಂದರೆ ಉಂಟಾ ಎಂದು ಕೇಳಿದೆ.

"ತೊಂದರೆ ಇಲ್ಲ. ಒಂದು ತಿಂಗಳ ರಜೆ ಮೊದಲೇ ಹೇಳಿ ಇಟ್ಟಿದ್ದೆ. ಯಾವಾಗ ಬೇಕಾದ್ರೂ ಹೋಗು ಅಂದಿದ್ರು."

"ಮೊದಲೇ ಅಂದ್ರೆ?"

"ನೀನು ಆಟದಲ್ಲಿ ಹೊಡಿಯುದು ಬಿಟ್ಟಿಯಲ್ಲ, ಆ ವಾರ." ಅವನು ದೊಡ್ಡ ಪಾತ್ರೆಗೆ ಕೈ ಚಾಚಿದ. "ನಾನು ಎರಡು ವರ್ಷ ಹೇಳಿದ್ದೇನೆ, ಕೂತ್ಕೋ ಕೂತ್ಕೋ ಅಂತ. ನೀನು ಕೂತವಳಾ? ಬಾಗಿಲು ಹಾಕಿ ಕೂತದ್ದು ಕಂಡಾಗಲೇ ಗೊತ್ತಾಯ್ತು, ಅಮ್ಮನಿಗೆ ಎಂತದೋ ಆಗಿದೆ ಅಂತ. ಬಟ್ಟೆ ಕೂಡ ತುಂಬಿಸಿ ಇಟ್ಟಿದ್ದೆ."

ಪಾತ್ರೆ ನನ್ನ ಕೈಯಲ್ಲೇ ಇತ್ತು. "ಮತ್ತೆ ಯಾಕೆ ಬರ್ಲಿಲ್ಲ ನೀನು?" ಎಂದು ಕೇಳಿದೆ. ಎಷ್ಟೋ ದಿನದ ಮೇಲೆ ನನಗೆ ಸಿಟ್ಟು ಬಂದಿತ್ತು. "ಗೊತ್ತಿತ್ತು ಅಂದ್ರೆ ಬರ್ಬೇಕಲ್ವಾ? ಅಲ್ಲಿ ಕೂತು ಎಂತ ಮಾಡ್ತಿದ್ದಿ?"

ಅವನು ಏಣಿಯ ಮೇಲಿನಿಂದ ನನ್ನನ್ನು ನೋಡಿದ. ಜಗಳದ ಮುಖವಲ್ಲ.

"ಹೋದ ಸಲ ಕೆಲಸ ಬಿಟ್ಟು ಓಡಿ ಬಂದಾಗ ಗೇಟಿನ ಹತ್ರ ನಿಂತು ನೀನು ಹೇಳಿದ್ದು. ಇನ್ನು ಅಮ್ಮನಿಗೆ ಎಂತ ಆದ್ರೂ ನಾನು ಬಾ ಅಂತ ಕರೆಯದೆ ಓಡಿ ಬಂದು ಈ ಮನೆಗೆ ಕಾಲಿಡ್ಬೇಡ ಅಂತ. ನಾನು ದಿನಾ ನಿನ್ನ ಫೋನ್ ಕಾಯ್ತಿದ್ದೆ ಅಕ್ಕ."

ನನಗೆ ಅದು ನೆನಪೇ ಇಲ್ಲ. ಎಷ್ಟು ಯೋಚಿಸಿದರೂ ಗೇಟು ನೆನಪಾಗುತ್ತದೆ, ಅವನ ಸೂಟ್‌ಕೇಸು ನೆನಪಾಗುತ್ತದೆ, ಆ ಮಾತು ನೆನಪಾಗುವುದಿಲ್ಲ. ಆದರೆ ಹೇಳಿರಬೇಕು. ನಾನು ಹೇಳುವಂಥ ಮಾತೇ ಅದು.