ಆಗದ ಕೆಲಸ ಮೊದಲು

ನಗರಾಡಳಿತದ ಚರಿತ್ರೆ ಬರೆಯುವವರು ಮೇಯರರನ್ನು ನೆನೆಯುತ್ತಾರೆ, ಆಯುಕ್ತರನ್ನು ನೆನೆಯುತ್ತಾರೆ, ಸೇತುವೆ ಉದ್ಘಾಟಿಸಿದವರ ಹೆಸರನ್ನು ಕಲ್ಲಿನಲ್ಲೇ ಕೆತ್ತಿಸಿಬಿಡುತ್ತಾರೆ. ಮಾಡಿದ ಕೆಲಸವನ್ನೂ ಮಾಡಲಾಗದ ಕೆಲಸವನ್ನೂ ಜನರ ಬಾಗಿಲಿಗೆ ಹೋಗಿ ಹೇಳುವುದು ಆಡಳಿತದ ಒಂದು ಅಂಗವೇ ಸರಿ ಎಂಬುದನ್ನು ನಮ್ಮ ಪಾಲಿಕೆಗೆ ಮನಗಾಣಿಸಿದವರು ಮಾತ್ರ ಯಾವ ಕಲ್ಲಿನ ಮೇಲೂ ಇಲ್ಲ. ಪಾಲಿಕೆಯ ವಾರ್ತಾ ವಿಭಾಗವನ್ನು ದೀರ್ಘಕಾಲ ನಡೆಸಿ ಈ ವರ್ಷ ನಿವೃತ್ತರಾದ, ಊರಿಗೆಲ್ಲ ‘ಮೇಯರಮ್ಮ’ ಎಂದೇ ಪರಿಚಿತರಾದ ನಮ್ಮ ಹಿರಿಯ ಸಹೋದ್ಯೋಗಿ ಅವರು. ಅವರು ಒಂದು ದಿನದ ಮಟ್ಟಿಗೂ ಮೇಯರ್ ಆಗಿದ್ದವರಲ್ಲ. ಮೇಯರರು ನಾಗರಿಕರಿಗೆ ಹೇಳಬೇಕಾದ ವಾರದ ವರದಿಯನ್ನು ಬರೆದು, ತಮ್ಮದೇ ಧ್ವನಿಯಲ್ಲಿ ಮುದ್ರಿಸಿ, ಶನಿವಾರ ಬೆಳಗ್ಗೆ ಪಾಲಿಕೆಯ ಗಾಡಿಯ ಧ್ವನಿವರ್ಧಕದಲ್ಲಿ ಬೀದಿ ಬೀದಿಗೆ ಮುಟ್ಟಿಸುತ್ತಿದ್ದವರು. ಮೇಯರರು ಬಂದರು, ಹೋದರು, ಧ್ವನಿ ಒಂದೇ ಉಳಿಯಿತು. ಹಾಗಾಗಿ ಜನ ಆ ಧ್ವನಿಯನ್ನೇ ಮೇಯರ್ ಎಂದು ತಿಳಿದದ್ದು ಜನರ ತಪ್ಪಲ್ಲ.

ಈ ಅಭಿನಂದನ ಗ್ರಂಥದ ಸಮಿತಿಯವರು ನನಗೆ ಒಪ್ಪಿಸಿರುವ ವಿಷಯ ‘ಸೇವಾ ಸಾಧನೆಗಳು’. ಮೇಯರಮ್ಮನ ಕೈಕೆಳಗೆ ದುಡಿದು ಈಗ ಅವರ ಕುರ್ಚಿಯಲ್ಲೇ ಕುಳಿತಿರುವವಳಾದ್ದರಿಂದ ನಾನು ಬರೆಯಬೇಕಾದದ್ದು ನ್ಯಾಯವೇ. ಆದರೆ ಸಾಧನೆಗಳನ್ನು ಸಾಲಾಗಿ ಜೋಡಿಸಿಟ್ಟರೆ ಅದನ್ನು ಮೊದಲು ಹೊಡೆದುಹಾಕುವವರು ಅವರೇ. ಅವರ ವರದಿಗೆ ಒಂದು ಕ್ರಮವಿತ್ತು: ಆಗದ ಕೆಲಸ ಮೊದಲು. ಹೋದ ವಾರ ಏನು ಮಾಡುತ್ತೇವೆಂದು ಹೇಳಿ ಮಾಡಲಿಲ್ಲವೋ ಅದು ಮೊದಲ ಸಾಲು. ಹೊಸ ದೀಪ, ಹೊಸ ಉದ್ಯಾನ, ಹೊಸ ಬಸ್ಸು ಎಲ್ಲವೂ ಅದರ ಹಿಂದೆ ಸರದಿಯಲ್ಲಿ ನಿಲ್ಲಬೇಕು. ನಾನೂ ಅದೇ ಕ್ರಮದಲ್ಲಿ ಬರೆಯುತ್ತೇನೆ, ಸಮಿತಿಯವರು ಮುನಿಸಿಕೊಳ್ಳುವುದಾದರೆ ಮುನಿಸಿಕೊಳ್ಳಲಿ.

ನಾನು ಸೇರಿದಾಗ ವಾರ್ತಾ ವಿಭಾಗವೆಂದರೆ ಬೀದಿದೀಪದ ಸಾಮಾನು ಇಡುತ್ತಿದ್ದ ಹಳೆಯ ಉಗ್ರಾಣ. ಗೋಡೆಗೆ ಸದ್ದು ಹೀರಲೆಂದು ಕಂಬಳಿ ಹೊಡೆದಿದ್ದರು. ಹೊರಗಿನ ನಲ್ಲಿ ತೊಟ್ಟಿಕ್ಕುತ್ತಿತ್ತು. ಊರಿನ ನಲ್ಲಿಗಳ ದುರಸ್ತಿಯ ಸುದ್ದಿಯನ್ನು ಧ್ವನಿಮುದ್ರಿಸುವ ಮುನ್ನ ನಮ್ಮ ನಲ್ಲಿಯ ಬಾಯಿಗೆ ಬಟ್ಟೆ ಕಟ್ಟಿ ಬರುವುದು ನನ್ನ ಮೊದಲ ಕರ್ತವ್ಯವಾಗಿತ್ತು. ದೀಪದ ಬುಡದಲ್ಲಿ ಕತ್ತಲು ಎಂಬುದನ್ನು ನಾನು ಅಲ್ಲಿ ಕಣ್ಣಾರೆ ಕಂಡೆ. ಮೇಜಿನ ಮೇಲೆ ಸದಾ ಒಂದು ಫ್ಲಾಸ್ಕಿನಲ್ಲಿ ಬಿಸಿನೀರು. ಓದುವವರು ಯಾರೇ ಆಗಲಿ, ಮೇಯರರೇ ಆಗಲಿ, ಅರ್ಧ ಲೋಟ ಕುಡಿಯದೆ ಮೈಕಿನ ಮುಂದೆ ಬಾಯಿ ತೆರೆಯುವಂತಿರಲಿಲ್ಲ. ನಾನು ಬರೆದ ಮೊದಲ ಕರಡಿನಲ್ಲಿ ‘ನೀರು ಸರಬರಾಜು ಶೀಘ್ರದಲ್ಲೇ ಸರಿಹೋಗಲಿದೆ’ ಎಂದಿತ್ತು. ಅವರು ಕನ್ನಡಕ ತೆಗೆದು ಕೇಳಿದರು: “ಶೀಘ್ರ ಅಂದ್ರೆ ಯಾವತ್ತಮ್ಮಾ? ಕೊಡ ಹಿಡ್ಕೊಂಡು ನಿಂತಿರೋಳಿಗೆ ಏನ್ ಹೇಳ್ತೀಯ?” ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆಯುವ ಸರ್ಕಾರಿ ವಿದ್ಯೆಯನ್ನು ಮುಂಚೆಯೇ ಕಲಿತು ಬಂದಿದ್ದ ನನಗೆ ಅದನ್ನು ಮರೆಯಲು ಎರಡು ವರ್ಷ ಬೇಕಾಯಿತು.

ಅವರ ಉಪಕಾರಗಳನ್ನು ಹೇಳಹೊರಟರೆ ಈ ಗ್ರಂಥ ಸಾಲದು, ಒಂದನ್ನು ಮಾತ್ರ ಹೇಳುತ್ತೇನೆ. ನನ್ನ ತಾಯಿ ಶಸ್ತ್ರಚಿಕಿತ್ಸೆಯಾಗಿ ಆಸ್ಪತ್ರೆಯಲ್ಲಿ ಮಲಗಿದ್ದ ಕಾಲ. ಆಸ್ಪತ್ರೆಯ ರಸ್ತೆಗೆ ನಮ್ಮ ಗಾಡಿ ಹೋಗುವಂತಿಲ್ಲ. ವಾರದ ವರದಿ ಕೇಳದೆ ಶನಿವಾರವೇ ಅನ್ನಿಸುತ್ತಿಲ್ಲವೆಂದು ತಾಯಿ ಗೊಣಗಿದ್ದನ್ನು ನಾನು ನಗುತ್ತಾ ಹೇಳಿದ್ದೆ, ಅಷ್ಟೇ. ಆ ಸಂಜೆ ಅವರೇ ಬಂದು, ಮಂಚದ ಪಕ್ಕದ ಸ್ಟೂಲಿನಲ್ಲಿ ಕುಳಿತು, ಇಡೀ ವರದಿಯನ್ನು ಪಿಸುದನಿಯಲ್ಲಿ ಓದಿದರು. ಮೊದಲ ಸಾಲು ಆ ಆಸ್ಪತ್ರೆಯ ಮುಂದಿನ ಮುಚ್ಚದ ಚರಂಡಿಯದೇ ಆಗಿತ್ತು. ಪಕ್ಕದ ಮಂಚದಾಕೆ “ಸ್ವಲ್ಪ ಜೋರಾಗಿ ಓದಿ ತಾಯಿ, ನಮ್ಗೂ ಕೇಳ್ಲಿ” ಅಂದರು. ತಾಯಿ ಮನೆಗೆ ಬರುವವರೆಗೆ ಪ್ರತಿ ಶನಿವಾರವೂ ಹೀಗೆ ನಡೆಯಿತು.

ಇನ್ನು ನದಿದಂಡೆಯ ಬೀದಿಯ ಮಾತು. ಅದು ಅವರದೇ ಬೀದಿ, ಮದುವೆಯಾಗಿ ಕಾಲಿಟ್ಟ ಮನೆ ಅಲ್ಲಿತ್ತು. ಮಹಡಿಯ ಕಿಟಕಿ ತೆರೆದರೆ ಎದುರಿಗೆ ಗಡಿಯಾರ ರಿಪೇರಿಯ ಅಂಗಡಿ, ಅದರ ಹಿಂದೆ ನದಿ. ಅಂಗಡಿಯವರನ್ನು ಬೀದಿಯವರೆಲ್ಲ ‘ಗಡಿಯಾರದ ಮಾವ’ ಎನ್ನುತ್ತಿದ್ದರು. ಅವರಿಗೆ ಹುಟ್ಟಿನಿಂದ ಕಿವಿ ಕೇಳಿಸದು. ತುಟಿಯ ಚಲನೆ ನೋಡಿ ಮಾತು ತಿಳಿಯುತ್ತಾರೆ, ಗಡಿಯಾರದ ಬಡಿತವನ್ನು ಬೆರಳಿನಿಂದ ತಿಳಿಯುತ್ತಾರೆ. ಗಾಡಿಯ ಧ್ವನಿ ಅವರಿಗೆ ಸಿಗದೆಂದು ಮೇಯರಮ್ಮ ಪ್ರತಿ ಶನಿವಾರ ಅಂಗಡಿಯ ಮುಂದೆ ನಿಂತು ವರದಿಯನ್ನು ನಿಧಾನವಾಗಿ ಅವರ ಮುಖಕ್ಕೆ ಮುಖ ಕೊಟ್ಟು ಹೇಳುತ್ತಿದ್ದರು. ಮಳೆಗಾಲದಲ್ಲಿ ನದಿ ಆ ಬೀದಿಯ ಮನೆಗಳಿಗೆ ನುಗ್ಗುತ್ತಿತ್ತು. “ನೆಂಟ ಕಣೇ, ಹೇಳದೆ ಬರ್ತಾನೆ, ಹೋಗು ಅಂದ್ರೂ ಹೋಗಲ್ಲ” ಎಂದು ಅವರ ಅತ್ತೆ ನದಿಯನ್ನು ಬಯ್ಯುತ್ತಿದ್ದರು. ಬಯ್ಗುಳದಲ್ಲೂ ಸಲಿಗೆ ಇತ್ತು.

ಕಡೆಗೆ ಪಾಲಿಕೆ ಒಂದು ಯೋಜನೆ ತಂದಿತು. ಬೀದಿಯನ್ನು ಪೂರ್ತಿ ಕೆಡವಿ, ನೆಲವನ್ನು ಎತ್ತರಿಸಿ, ತಡೆಗೋಡೆ ಕಟ್ಟಿ, ಎರಡು ವಸತಿ ಕಟ್ಟಡಗಳನ್ನು ಎಬ್ಬಿಸುವುದು. ಮೂರು ವರ್ಷದಲ್ಲಿ ಎಲ್ಲರೂ ಅದೇ ಜಾಗಕ್ಕೆ ಮರಳುವುದು. ಅಲ್ಲಿಯವರೆಗೆ ಊರಾಚೆಯ ತಗಡಿನ ಶೆಡ್ಡುಗಳಲ್ಲಿ ವಾಸ. ಇದನ್ನು ಬರೆದು ಓದಬೇಕಾದವರು ಅವರೇ. ಅವರದು ಇನ್ನೊಂದು ಪದ್ಧತಿಯೂ ಇತ್ತು: ಕೆಟ್ಟ ಸುದ್ದಿ ಮೈಕಿನಲ್ಲಿ ಮೊದಲು ಹೋಗಬಾರದು, ಸಂಬಂಧಪಟ್ಟವರಿಗೆ ಎದುರು ನಿಂತು ಹೇಳಿದ ಮೇಲೆಯೇ ಗಾಡಿ ಹೊರಡಬೇಕು. ಆ ಶುಕ್ರವಾರ ಅವರು ಮೊದಲು ಅತ್ತೆಗೆ ಹೇಳಿದರು, ಆಮೇಲೆ ರಸ್ತೆ ದಾಟಿ ಮಾವನಿಗೆ, ಆಮೇಲೆ ಮನೆಮನೆಗೆ. ಮರುದಿನ ಗಾಡಿ ಬಂದಾಗ ಬೀದಿಯಲ್ಲಿ ಯಾರೂ ಬೆಚ್ಚಲಿಲ್ಲ.

ಅಧಿಕಾರಿಯಾದ್ದರಿಂದ ಅವರಿಗೆ ಕಚೇರಿಯ ಹಿಂದಿನ ವಸತಿಗೃಹ ಸಿಕ್ಕಿತ್ತು. ಬೀಗದ ಕೈಯನ್ನು ಅವರು ಹಿಂದಿರುಗಿಸಿದರು. ನಾನು ತಡೆಯಲು ನೋಡಿದೆ. “ವಾಪಸ್ ಬರ್ತೀವಿ ಅಂತ ಓದಿದವಳು ನಾನು. ನಾನೇ ಬೇರೆ ಕಡೆ ಹೋಗಿ ಬೆಚ್ಚಗೆ ಕೂತ್ರೆ ಯಾರ್ ನಂಬ್ತಾರೆ?” ಎಂದರು. ಅತ್ತೆಯ ಹಠಕ್ಕೆ ಹಳೆಯ ಮನೆಯ ಮುಂಬಾಗಿಲೂ ಅವರ ಜೊತೆ ಶೆಡ್ಡಿಗೆ ಹೋಯಿತು. ಅಲ್ಲಿ ಅದಕ್ಕೆ ಕೆಲಸವಿರಲಿಲ್ಲ, ಗೋಡೆಗೆ ಒರಗಿ ನಿಂತಿತ್ತು. ಅದರ ಮೇಲೆ ಬಟ್ಟೆ ನೇತುಹಾಕಲು ಕೂಡ ಅತ್ತೆ ಬಿಡುತ್ತಿರಲಿಲ್ಲ. ಶನಿವಾರ ಬೆಳಗ್ಗೆ ಸೊಸೆಯ ಧ್ವನಿ ಗಾಡಿಯಿಂದ ‘ನದಿದಂಡೆಯ ಬೀದಿಯ ಕಟ್ಟಡಗಳ ಕೆಲಸ ಈ ವಾರವೂ ಆರಂಭವಾಗಿಲ್ಲ’ ಎನ್ನುವುದನ್ನು ಕೇಳಿಸಿಕೊಂಡು, ಪಕ್ಕದಲ್ಲೇ ಕುಳಿತ ಸೊಸೆಯನ್ನು “ಹೌದೇನೇ?” ಎಂದು ಕೇಳುತ್ತಿದ್ದರಂತೆ. ಮೂರು ವರ್ಷ ಆರಾಯಿತು. ಅತ್ತೆ ಅಲ್ಲೇ ತೀರಿಕೊಂಡರು, ಬಾಗಿಲು ಒರಗಿದಲ್ಲೇ ಉಳಿಯಿತು.

ಆಮೇಲೆ ಬಂದ ಮೇಯರರು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತಾಡುವವರು. ನೆಲ ಎತ್ತರಿಸಿಯಾಗಿತ್ತು, ತಡೆಗೋಡೆ ಎದ್ದಿತ್ತು, ಜಾಗ ಚೆನ್ನಾಗಿ ಕಾಣತೊಡಗಿತ್ತು. ಅಲ್ಲಿ ಬಹುಮಹಡಿ ವಾಹನ ನಿಲ್ದಾಣ ಮಾಡಿ, ಶೆಡ್ಡಿನವರಿಗೆ ಶೆಡ್ಡುಗಳನ್ನೇ ಪಕ್ಕಾ ಮನೆ ಮಾಡಿಕೊಡುವುದೆಂದು ತೀರ್ಮಾನಿಸಿ, ‘ನಿವಾಸಿಗಳ ಹಿತದೃಷ್ಟಿಯಿಂದ’ ಎಂದು ಆರಂಭವಾಗುವ ಒಕ್ಕಣೆಯನ್ನು ಕಳಿಸಿಕೊಟ್ಟರು. ಮೂಗಿಗೆ ತುಪ್ಪ ಸವರುವ ಕೆಲಸ ನಮ್ಮ ವಿಭಾಗಕ್ಕೆ ಬಂದದ್ದು ಅದೇ ಮೊದಲಲ್ಲ. ಮೇಯರಮ್ಮ ಅದನ್ನು ಓದುವುದಿಲ್ಲವೆಂದು ಹೇಳಲಿಲ್ಲ. ಮೇಯರರ ಕೋಣೆಗೆ ಹೋಗಿ, “ಓದ್ತೀನಿ ಸಾರ್. ಆದ್ರೆ ಮೈಕಿಗೆ ಮುಂಚೆ ಅವರ ಎದುರಿಗೆ ಹೇಳ್ಬೇಕು, ಇಲ್ಲಿನ ಪದ್ಧತಿ ಅದು. ನಿಮ್ಮ ಮಾತು, ನೀವೂ ಬನ್ನಿ” ಎಂದರು. ನಾನೂ ಜೊತೆಗೆ ಹೋದೆ.

ಶೆಡ್ಡುಗಳ ನಡುವಿನ ಅಂಗಳದಲ್ಲಿ ಜನ ಸೇರಿದರು. ಮೇಯರರು ಕೈಮುಗಿದು ಪರಿಚಯ ಹೇಳಿಕೊಂಡಾಗ ಮುಂದೆ ಕುಳಿತ ಅಜ್ಜಿಯೊಬ್ಬರು ಒಪ್ಪಲಿಲ್ಲ. “ಮೇಯರು ಹೆಂಗಸಲ್ವಾ? ವಾರವಾರ ಮಾತಾಡ್ತಾಳೆ. ನೀವ್ಯಾರಪ್ಪಾ?” ಎಂದರು. ಎಲ್ಲರೂ ನಕ್ಕರು, ಮೇಯರರೂ ನಕ್ಕರು. ಬಳಿಕ ಮೇಯರಮ್ಮ ಎಂದಿನಂತೆ ಗಡಿಯಾರದ ಮಾವನ ಮುಂದೆ ನಿಂತು, ಹಾಳೆ ಹಿಡಿದು, ನಿಧಾನವಾಗಿ ಓದಿದರು. ಓದಿ ಮುಗಿಸುತ್ತಲೇ ಮಾವ, “ಇನ್ನೊಂದ್ಸಲ ಹೇಳು, ಗೊತ್ತಾಗ್ಲಿಲ್ಲ” ಎಂದರು. ಅಷ್ಟು ವರ್ಷಗಳಲ್ಲಿ ಅವರು ಹಾಗೆ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಮೇಯರಮ್ಮ ಮತ್ತೆ ಓದಿದರು. ಮಾವ ತಲೆಯಾಡಿಸಿ, ಮತ್ತೊಮ್ಮೆ ಎಂದು ಕೈಸನ್ನೆ ಮಾಡಿದರು. ಮೂರನೆಯ ಸಲ ಅವರ ತುಟಿ ಆಡಿತು, ಧ್ವನಿ ಬರಲಿಲ್ಲ. ಅಲ್ಲಿದ್ದ ಅಷ್ಟು ಜನರಲ್ಲಿ ಅದನ್ನು ಕೇಳಿಸಿಕೊಂಡವರು ಮಾವ ಒಬ್ಬರೇ. ಮೇಯರರು ಎದ್ದುಬಂದು ಹಾಳೆಯನ್ನು ಮೇಯರಮ್ಮನ ಕೈಯಿಂದ ತೆಗೆದುಕೊಂಡು, ಮಡಿಸಿ ಜೇಬಿಗಿಟ್ಟರು.

ವಾಹನ ನಿಲ್ದಾಣದ ಯೋಜನೆ ಅಲ್ಲಿಗೆ ನಿಂತಿತು. ಹಾಗೆಂದು ಎಲ್ಲವೂ ಸುಖಾಂತವಾಯಿತೆಂದು ಬರೆದರೆ ನಾನು ಅವರ ಶಿಷ್ಯೆಯೇ ಅಲ್ಲ. ಇದ್ದ ಹಣ ಒಂದು ಕಟ್ಟಡಕ್ಕೆ ಸಾಕಾಯಿತು. ಎರಡನೆಯದು ‘ಮುಂದಿನ ಹಂತ’ದ್ದಾಯಿತು. ಅರ್ಧ ಜನ ಮರಳಬೇಕು, ಅರ್ಧ ಜನ ಕಾಯಬೇಕು. ಯಾರು ಮೊದಲು ಎಂಬುದಕ್ಕೆ ಅದೇ ಅಂಗಳದಲ್ಲಿ ಚೀಟಿ ಎತ್ತಿದರು. ಬೀದಿಗೆ ಸಂಬಂಧವಿಲ್ಲದವಳೆಂದು ಎತ್ತುವ ಕೆಲಸ ನನಗೇ ಬಂತು. ನಾನು ಒಂದೊಂದೇ ಚೀಟಿ ತೆಗೆದು ಕೊಡುವುದು, ಮೇಯರಮ್ಮ ಮೈಕಿನಲ್ಲಿ ಓದುವುದು. ಮಾವನ ಹೆಸರು ಬಂತು. ಮೇಯರ್ ಹೆಂಗಸೆಂದ ಅಜ್ಜಿಯ ಹೆಸರು ಬಂತು. ಎತ್ತಬೇಕಾದ ಚೀಟಿಗಳು ಕಡಿಮೆಯಾದಂತೆ ನನ್ನ ಕೈ ಪಾತ್ರೆಯ ತಳವನ್ನೆಲ್ಲ ತಡಕುತ್ತಿತ್ತು, ಮುಟ್ಟಿದರೆ ಹೆಸರು ತಿಳಿದುಬಿಡುತ್ತದೆ ಎಂಬಂತೆ. ಅವರ ಹೆಸರು ಬರಲಿಲ್ಲ. ಕೊನೆಯ ಹೆಸರನ್ನೂ ಅವರು ಮೊದಲನೆಯದರಷ್ಟೇ ಸಮನಾಗಿ ಓದಿ, ಲೋಟದ ಬಿಸಿನೀರು ಕುಡಿದರು. ಮಾವ ಹತ್ತಿರ ಬಂದು, “ನೀನಿಲ್ದೆ ನಾನೊಬ್ನೇ ಅಲ್ಲಿ ಏನ್ ಮಾಡ್ಲಿ?” ಎಂದಾಗ, “ಹೋಗಿ ಜಾಗ ಹಿಡ್ಕೊಂಡಿರು ಮಾವ, ಹಿಂದಿನ ಬಸ್ಸಿಗೆ ಬರ್ತೀನಿ” ಎಂದರು. ಕೈಗೆ ಬಂದ ತುತ್ತು ಬಾಯಿಗೆ ಬರದೆ ಹೋದದ್ದಕ್ಕೆ ಆ ದಿನ ಅತ್ತವಳು ನಾನು, ಅವರಲ್ಲ.

ಎರಡನೆಯ ಕಟ್ಟಡದ ನಕ್ಷೆಯನ್ನು ನಮ್ಮ ಎಂಜಿನಿಯರ್ ತೋರಿಸಿದಾಗ ಅವರು ಕೇಳಿದ ಪ್ರಶ್ನೆ ಒಂದೇ, ಬಾಗಿಲಿನ ಅಳತೆಯದು. ಹಳೆಯ ಬಾಗಿಲು ಹೊಂದುವುದಿಲ್ಲವೆಂದು ಆತ ಸಂಕೋಚದಿಂದ ಹೇಳಿದ. “ಪರವಾಗಿಲ್ಲ, ಮಂಚ ಮಾಡ್ಕೋತೀನಿ. ನಮ್ಮತ್ತೆ ಬೈದ್ರೆ ಬೈಲಿ” ಎಂದು ನಕ್ಕರು. ನಕ್ಕ ಮೇಲೆ ಬಹಳ ಹೊತ್ತು ನಕ್ಷೆಯಲ್ಲಿ ಕಿಟಕಿ ಯಾವ ಕಡೆಗೆ ಎಂದು ಬೆರಳಿಟ್ಟು ಹುಡುಕುತ್ತಿದ್ದರು.

ನಿವೃತ್ತಿಯ ಬಳಿಕವೂ ಅವರ ಶನಿವಾರ ಬದಲಾಗಿಲ್ಲ. ಗಾಡಿ ಈಗ ನನ್ನ ಧ್ವನಿ ಹೊತ್ತು ಶೆಡ್ಡುಗಳಿಗೆ ಹೋಗುತ್ತದೆ. ಅವರು ಬಾಗಿಲಿನ ಪಕ್ಕ ಕುಳಿತು ಕೇಳಿ, “ಮೂಗಿಂದ ಓದ್ತಿದ್ದೀಯ, ಬಿಸಿನೀರು ಕುಡಿ” ಎಂದು ಫೋನ್ ಮಾಡುತ್ತಾರೆ. ಬಳಿಕ ಎರಡು ಬಸ್ಸು ಬದಲಿಸಿ ನದಿದಂಡೆಯ ಬೀದಿಗೆ ಹೋಗಿ, ಹೊಸ ಕಟ್ಟಡದ ಕೆಳಗಿನ ಅಂಗಡಿಯ ಮುಂದೆ ನಿಂತು, ಮಾವನಿಗೆ ವರದಿಯನ್ನು ಮೊದಲ ಸಾಲಿನಿಂದ ಒಪ್ಪಿಸುತ್ತಾರೆ. ಸಂಜೆಯಾದರೆ ತಮ್ಮ ಬೀದಿಯಿಂದ ನೆಂಟರಂತೆ ಎದ್ದು ಹೊರಡುತ್ತಾರೆ. ಕಚೇರಿಯಲ್ಲಿ ಅವರ ಫ್ಲಾಸ್ಕು ಇದೆ, ಕಂಬಳಿಯ ಗೋಡೆ ಇದೆ. ನಲ್ಲಿ ಈಚೆಗೆ ದುರಸ್ತಿಯಾಯಿತು. ಬಟ್ಟೆ ಕಟ್ಟಲು ಯಾರೂ ಹೇಳದ ಆ ನಿಶ್ಶಬ್ದದಲ್ಲಿ ಕುಳಿತಾಗ ನನಗೆ ಅವರು ಬೇಕೆನಿಸುತ್ತದೆ. ಇದನ್ನು ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ.

ಇಂಥ ಲೇಖನದ ಕೊನೆಗೆ ಆಯುರಾರೋಗ್ಯ ಹಾರೈಸುವುದು ವಾಡಿಕೆ. ಅವರಿಗೆ ದೀರ್ಘಾಯುಷ್ಯವಿರಲಿ, ಗಂಟಲು ಗಟ್ಟಿಯಾಗಿರಲಿ, ಮಾವನ ಕಣ್ಣು ಅವರ ತುಟಿಯನ್ನು ಇನ್ನೂ ಬಹುಕಾಲ ಓದಲಿ. ಆದರೆ ನನ್ನ ಹಾರೈಕೆಗೆ ಒಂದು ಗೊತ್ತಾದ ದಿನವಿದೆ. ಗಾಡಿ ನದಿದಂಡೆಯ ಬೀದಿಗೆ ಬಂದಾಗ ಅವರು ತಮ್ಮ ಕಿಟಕಿ ತೆರೆದು ಕೇಳಬೇಕು, ಆ ಶನಿವಾರದ ವರದಿಯಲ್ಲಿ ಮೊದಲ ಸಾಲು ಬೇರೆ ಯಾವುದಾದರೂ ಆಗಿರಬೇಕು. ಅಲ್ಲಿಯವರೆಗೆ ಆ ಸಾಲನ್ನು ನಾನು ಕೆಳಗಿಳಿಸುವುದಿಲ್ಲ. ಈ ವಾರದ ಕರಡನ್ನು ಈಗಿನ ಮೇಯರರ ಮುಂದಿಟ್ಟಾಗ, ಆ ಮೊದಲ ಸಾಲಿಗೆ ನಾನು ಸೇರಿಸಿದ್ದ ಎರಡನೆಯ ವಾಕ್ಯವನ್ನು ಅವರು ಹೊಡೆಯಲೆಂದು ಪೆನ್ನು ಊರಿದರು. ಆದರೆ ಹೊಡೆಯದೆ ಪೆನ್ನು ಎತ್ತಿ, ಕೆಳಗೆ ಸಹಿ ಹಾಕಿದರು. ಬಿಸಿನೀರು ಕುಡಿದು ನಾನು ಓದಿದ್ದು ಇಷ್ಟು:

“ನಾಗರಿಕರೇ, ಆಗದ ಕೆಲಸ ಮೊದಲು. ನದಿದಂಡೆಯ ಬೀದಿಯ ಎರಡನೆಯ ಕಟ್ಟಡ ಈ ವಾರವೂ ಆರಂಭವಾಗಿಲ್ಲ. ಮೇಯರಮ್ಮ ಇನ್ನೂ ಮನೆ ಸೇರಿಲ್ಲ.”